ಎಂಟನೇ ಕಾರು

ಒಸಾಕಾದ ಆ ಪುಟ್ಟ ಕಂಪನಿ ಇಪ್ಪತ್ತಾರು ವರ್ಷಗಳಲ್ಲಿ ಕಾರ್ ರೇಸಿನ ವಿಡಿಯೋ ಗೇಮ್ ಬಿಟ್ಟು ಬೇರೇನನ್ನೂ ಮಾಡಿರಲಿಲ್ಲ. ಈಗ ಅದನ್ನು ದೊಡ್ಡ ಕಂಪನಿಯೊಂದು ಕೊಂಡಿತ್ತು. ಉಳಿದಿದ್ದ ಎಂಟು ಮಂದಿಯಲ್ಲಿ ಏಳು ಜನ ಸಾಕು, ಯೋಗ್ಯತೆಯ ಕ್ರಮದಲ್ಲಿ ಹೆಸರು ಬರೆದು ಕಳಿಸಿ, ಕೊನೆಯವರು ಮನೆಗೆ ಹೋಗಲಿ ಎಂದು ಎಲ್ಲರಿಗಿಂತ ಹಿರಿಯರಾದ ಕುವಾಬಾತರಿಗೆ ಹೇಳಿತ್ತು.

ಮೂರು ತಿಂಗಳ ಹಿಂದಷ್ಟೇ ಸೇರಿದ್ದ ಶಿಯೋರಿ ಅವರ ಮೇಜಿನ ಬಳಿ ಬಂದಳು.

"ಸರ್, ಗೇಮಲ್ಲಿ ಕಂಪ್ಯೂಟರೇ ಓಡಿಸೋ ಆ ಎಂಟನೇ ಕಾರಲ್ಲಿ ಏನೋ ತಪ್ಪಿದೆ. ನಮ್ಮ ಯಾವ ಗೇಮ್ ತೆಗೆದ್ರೂ ಅದೇ ಕೊನೇಲಿ ಬರುತ್ತೆ. ಸರಿ ಮಾಡ್ಲಾ?"

"ಬೇಡಮ್ಮ. ಮೊದಲನೇ ಗೇಮಿಂದ ನಾನೇ ಹಾಗೆ ಬರೆದಿರೋದು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೊಸದಾಗಿ ಆಡೋರಿಗೆ ತಮ್ಮ ಹಿಂದೆ ಒಬ್ಬರಾದ್ರೂ ಇರಬೇಕು. ಇಲ್ದಿದ್ರೆ ಇನ್ನೊಂದು ಸಲ ಆಡೋಕೇ ಬರಲ್ಲ."

ಅವಳು ಹೋಗದೆ ಅಲ್ಲೇ ನಿಂತಳು.

"ಸರ್... ಪಟ್ಟೀಲಿ ಕೊನೇ ಹೆಸರು ನಂದೇ ಅಲ್ವಾ?"

ಅವರು ಡ್ರಾಯರಿನಿಂದ ತಮ್ಮ ಹೆಸರಿನ ಮೊಹರು ತೆಗೆದು, ಮುಂದಿದ್ದ ಹಾಳೆಯ ಕೆಳಗೆ ಒತ್ತಿ, ಮಡಚಿ ಅವಳ ಕೈಗಿಟ್ಟರು.

"ಇದನ್ನ ಫ್ಯಾಕ್ಸ್ ಮಾಡಿಬಿಡು. ಸಾಕಾಗಿದೆ ನಂಗೆ, ಏಳೋಕೂ ಆಗ್ತಿಲ್ಲ."

ಯಂತ್ರದ ಬಳಿ ಹೋಗಿ ಅವಳು ಹಾಳೆ ಬಿಡಿಸಿದಳು. ನೋಡಬಾರದು ಎಂದುಕೊಂಡರೂ ಕಣ್ಣು ಕೆಳಗಿಳಿಯಿತು. ಏಳನೆಯದು ಅವಳ ಹೆಸರು. ಎಂಟನೆಯ ಹೆಸರೂ ಮೊಹರಿನಲ್ಲಿದ್ದ ಹೆಸರೂ ಒಂದೇ.