ಫೋಟೋದೊಳಗಿನ ತೊಟ್ಟಿಲು

ಮನೂರಿನಲ್ಲಿ ಅಕ್ಕನ ಮನೆ ಮುಂದೆ ಆಟೋ ನಿಂತು ಅಂಬರೀಶ ಇಳಿದಾಗ, ನಾಮಕರಣಕ್ಕೆ ಸೇರಿದ್ದ ಹೆಂಗಸರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಆಟೋದ ಒಳಗೆ, ಮೇಲೆ, ಹಿಂದೆ ಹುಡುಕಾಡಿ ಬರಿದೇ ವಾಪಸು ಬಂದವು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಬಾಣಂತಿ ಅಕ್ಕ ಚಂದ್ರಾಬಾಯಿ ಹೊಸ್ತಿಲು ದಾಟಿ ಬಂದೇ ಬಿಟ್ಟಳು.

“ತೊಟ್ಲಾ ಎಲ್ಲಿ?”

“ಯಾವ ತೊಟ್ಲಾ ಅಕ್ಕಾ?”

“ಮಸ್ಕಿರಿ ಮಾಡಬ್ಯಾಡ ಅಂಬು. ಹಿಂದ ಬ್ಯಾರೆ ಗಾಡ್ಯಾಗ ಬರಾಕತ್ತದೇನು?”

ಅಂಬರೀಶನ ಕಿಸೆಯಲ್ಲಿ ಇದ್ದದ್ದು ಒಂದು ಪೆನ್ನು. ನಾರಾಯಣಖೇಡದಲ್ಲಿ ಅವನದು ಪಂಪಿನ ಮೋಟಾರು ರಿಪೇರಿ ಅಂಗಡಿ. ಅಲ್ಲಿಯ ಲೇತ್ ಯಂತ್ರದ ಮೇಲೆ ಹುಣಸೆಮರದ ಗಟ್ಟಿ ಚೇಗು ತಿರುವಿ, ಉಂಗುರ ಉಂಗುರವಾಗಿ ಕಡೆದು, ಎಣ್ಣೆ ಹಚ್ಚಿ ಉಜ್ಜಿ ಆ ಪೆನ್ನು ಮಾಡಿದ್ದ. ಭಾವ ಪಾಂಡಪ್ಪ ಕುರಿ ಸಾಕುವವರ ಸಂಘಕ್ಕೆ ಹೊಸದಾಗಿ ಅಧ್ಯಕ್ಷನಾಗಿದ್ದ; ಸಹಿ ಹಾಕಲು ಒಳ್ಳೆಯ ಪೆನ್ನು ಬೇಕಲ್ಲ. ನಾಮಕರಣದ ದಿನ ನಾಲ್ಕು ಜನರ ಎದುರು ಅವನ ಕೈಗೆ ಕೊಟ್ಟು ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದ. ಆದರೆ ಅಲ್ಪನ ಕೈಗೆ ಫೋನು ಬಂದಿತ್ತಲ್ಲ! ಪೆನ್ನು ಮಾಡಿದ್ದಕ್ಕಿಂತ ಅದರ ಫೋಟೋ ತೆಗೆಯುವುದಕ್ಕೇ ಹೆಚ್ಚು ದಿನ ಹಿಡಿಯಿತು. ತೊಗರಿ ರಾಶಿಯ ಮೇಲಿಟ್ಟರೆ ಉರುಳಿತು, ಕಂಬಳಿಯ ಮೇಲಿಟ್ಟರೆ ಕೂದಲು ಹತ್ತಿತು. “ಲಗ್ನದಾಗ ನನ್ನ ಫೋಟೋನೂ ಇಷ್ಟ್ ತೆಗಿಸಿಲ್ರಿ ನೀವು,” ಎಂದು ಹೆಂಡತಿ ಭಾಗ್ಯ ಚುಚ್ಚಿದಳು. ಕೊನೆಗೆ ಬಾಗಿಲ ಬಳಿಯ ತಾಂಡೂರು ಫರಸಿ ಕಲ್ಲಿನ ಮೇಲೆ ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ತಾನು ಹೊಟ್ಟೆಯ ಮೇಲೆ ಮಲಗಿ, ಕಣ್ಣು ಕಿರಿದು ಮಾಡಿ ತೆಗೆದ. ಪೆನ್ನೆಂದು ತಿಳಿಯಬಾರದೆಂದು ಬರೆಯುವ ಮುಳ್ಳನ್ನು ಮೊದಲೇ ತಿರುವಿ ಒಳಗೆ ಅಡಗಿಸಿದ್ದ. ‘ಅಕ್ಕನ ಮನೆಗೆ, ನನ್ನ ಕೈಯಾರೆ’ ಎಂದು ಬರೆದು ಬಳಗದ ವಾಟ್ಸಾಪಿಗೆ ಹಾಕಿದ.

ಹೊಗಳಿಕೆ ಸುರಿಯಿತು. ತಾಂಡೂರಿನ ದಶರಥ ಕಾಕಾ ಮಾತ್ರ ‘ಭಾರ ತಡೀತದೇನು?’ ಎಂದು ಕೇಳಿದ್ದ. ಕಾಕಾ ಒತ್ತಿ ಒತ್ತಿ ಬರೆಯುವವನಿರಬೇಕು ಎಂದುಕೊಂಡು ಅಂಬರೀಶ, ‘ಆನಿ ಕುಂತ್ರೂ ಮುರಿಯಂಗಿಲ್ಲ’ ಎಂದು ಉತ್ತರ ಕೊಟ್ಟಿದ್ದ.

ಈಗ ಅಕ್ಕ ಅದೇ ಫೋಟೋ ಅವನ ಮೂಗಿನ ಮುಂದೆ ಹಿಡಿದಳು. “ಇದು ತೊಟ್ಲದ ಕಾಲು ಅಲ್ಲೇನು?”

ಅಂಬರೀಶ ನೋಡಿದ. ಮನೆಯ ನೆಲ, ಹಿಂದೆ ಮಸುಕಾದ ಬಾಗಿಲು, ನಡುವೆ ಮೊಣಕಾಲೆತ್ತರಕ್ಕೆ ಠೀವಿಯಿಂದ ನಿಂತ, ಉಂಗುರ ಕಡೆದ ಕಟ್ಟಿಗೆ. ಅವನಿಗೇ ಯಾರಾದರೂ ಕಳಿಸಿದ್ದರೆ ಅವನೂ ತೊಟ್ಟಿಲ ಕಾಲು ಎಂದೇ ಅನ್ನುತ್ತಿದ್ದ. ಕಿಸೆಯಿಂದ ಪೆನ್ನು ತೆಗೆದು ಫೋನಿನ ಪಕ್ಕ ಹಿಡಿದ.

ಅಕ್ಕ ಅದನ್ನೂ ಇದನ್ನೂ ನೋಡಿದಳು. “ಹಳೀ ತೊಟ್ಲಾ ಕೊಡಂಗಲ್ ನಾದಿನಿಗಿ ಕೊಟ್ಟು ಕಳಸೀನಲ್ಲೋ! ನನ್ನ ತಮ್ಮ ಹೊಸಾದು ಮಾಡಾಕತ್ಯಾನ ಅಂತ ಊರ ತುಂಬ ಹೇಳ್ಕೊಂಡೀನಿ. ತೊಟ್ಲಾ ತವರಿಂದೇ ಬರಬೇಕು, ನಿನಗ ಗೊತ್ತಿಲ್ಲೇನು? ಈಗ ಇವರ ಮುಂದ ನನ್ನ ತವರಿನ ಇಜ್ಜತ್ ಏನಾತು?” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಂಬರೀಶನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಿಟ್ಟಿದ್ದರೂ ಒಳಗೆ ಇಳಿಯುವ ಮುಂಚೆ ಅದರದೊಂದು ಫೋಟೋ ತೆಗೆಯುತ್ತಿದ್ದೆನೇನೋ ಎಂದು ತನ್ನನ್ನೇ ಬೈದುಕೊಂಡ. ಅಕ್ಕನ ಕಣ್ಣಲ್ಲಿ ನೀರು ತರಿಸಿದ್ದೊಂದೇ ತನ್ನ ಕಲೆಯ ಸಾಧನೆ.

ಅಷ್ಟರಲ್ಲಿ ಅಕ್ಕನ ಅತ್ತೆ ಅಮೃತಬಾಯಿ ಬಂದು ಕೈ ಚಾಚಿದಳು. ಪೆನ್ನಿನ ಉಂಗುರಗಳ ಮೇಲೆ ಹೆಬ್ಬೆರಳು ಆಡಿಸಿದಳು. ತಿರುವಿದಾಗ ಮುಳ್ಳು ಹೊರಬಂತು. ಅಂಗೈ ಮೇಲೆ ಒಂದು ಗೆರೆ ಎಳೆದು ನೋಡಿದಳು. ಆಮೇಲೆ ಸೊಸೆಯ ಕಣ್ಣು ನೋಡಿದಳು.

“ಏನದು ಅಮೃತಕ್ಕಾ?” ಹಿಂದಿನಿಂದ ನೆರೆಮನೆಯ ಉಮಾಬಾಯಿ ಕತ್ತು ಚಾಚಿದಳು.

ಅಮೃತಬಾಯಿ ಅಂಗೈಯ ಗೆರೆ ಕಾಣದಂತೆ ಮುಷ್ಟಿ ಮುಚ್ಚಿದಳು. “ತೊಟ್ಲದ ನಮೂನಿ. ಕಾಲು ಹಿಂಗ ತಿರುವತಾನಂತ. ಮದಲ ನನಗ ತಂದು ತೋರಸು, ಮನಸಿಗಿ ಬಂದ್ರ ದೊಡ್ಡದು ಮಾಡುವಂತಿ ಅಂತ ನಾನೇ ಹೇಳಿದ್ದೆ,” ಎಂದವಳೇ ಒಳಗೆ ಕೂಗಿದಳು: “ಪಾಂಡು, ಹೊಸಾ ಕಂಬಳಿ ತಗೊಂಬಾ. ಕುರಿ ಹಟ್ಯಾಗ ನೀ ತೂಗಿಸಿಕೊಂಡಿದ್ದು ಕಂಬಳಿ ಜೋಳಿಗ್ಯಾಗೇ, ನಿನ್ನ ಮಗಳೂ ಇವತ್ತ ಅದರಾಗೇ ಮಲಗಲಿ.”

ಪಾಂಡಪ್ಪ ಕಂಬಳಿ ತಂದು ತೊಲೆಗೆ ಬಿಗಿದ. ಕೂಸನ್ನು ಮಲಗಿಸಿ, ಹೆಸರು ಕೂಗಿ, ಹೆಂಗಸರು ಜೋಗುಳ ಶುರುಮಾಡಿದರು. ಅಕ್ಕ ಹಾಡುತ್ತ ಹಾಡುತ್ತ ನಕ್ಕಳು. ಮೂಲೆಯಲ್ಲಿ ಇಂಗು ತಿಂದ ಮಂಗನಂತೆ ಕೂತಿದ್ದ ಅಂಬರೀಶನಿಗೆ ಹೋದ ಜೀವ ಬಂತು. ಫೋನು ಕಿಸೆಯಲ್ಲೇ ಇತ್ತು; ಅದು ಅವನಿಗೆ ನೆನಪೂ ಆಗಲಿಲ್ಲ.

ಊಟಕ್ಕೆ ಕೂತಾಗ ಅಮೃತಬಾಯಿ ಅವನ ಎಲೆಗೆ ಹೋಳಿಗೆ ಬಡಿಸಲು ಬಗ್ಗಿದವಳು, ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿದಳು:

“ಒಂದು ಕಾಲು ಮುಟ್ಟೇದ ತಮ್ಮಾ. ಉಳಿದ ಮೂರು ಜರಾ ದೊಡ್ಡವು ತಗೊಂಬಾ. ನನ್ನ ಮೊಮ್ಮಗಳು ಇರುವಿ ಮರಿ ಅಲ್ಲ.”