ಹೊರಗಿನ ಫಿಟಿಂಗ್

"ಹೊರಗಿನ ಫಿಟಿಂಗ್, ಬೆನ್. ಅದಕ್ಕೆ ನಾವು ಜವಾಬ್ದಾರರಲ್ಲ," ಎಂದ ಗ್ಯಾರೇಜಿನ ಹಿತೇಶ್‌ಭಾಯಿ, ವಿಂಧ್ಯಾಳ ಮುಂದೆ ಸ್ಟೂಲು ಎಳೆದಿಡುತ್ತಾ. ಗುಜರಾತಿಯಾದ ಅವನಿಗೆ ಗಿರಾಕಿ ಹೆಂಗಸರೆಲ್ಲ 'ಬೆನ್', ಅಂದರೆ ಅಕ್ಕ.

ವಿಂಧ್ಯಾ ಕೂರಲಿಲ್ಲ. ಊರುಗೋಲು ಊರಿ ನಿಂತೇ ತನ್ನ ಕಾರಿನತ್ತ ನೋಡಿದಳು. ಕಾಲಲ್ಲಿ ಬಲವಿಲ್ಲದ ಅವಳು ಬೇರೆ ಕಡೆ ಕೊಟ್ಟು ಸ್ಟಿಯರಿಂಗ್ ಪಕ್ಕ ಹಾಕಿಸಿಕೊಂಡಿದ್ದ ಲಿವರೇ ಆ 'ಹೊರಗಿನ ಫಿಟಿಂಗ್'. ಒತ್ತಿದರೆ ಬ್ರೇಕು, ಎಳೆದರೆ ಓಟ. ಆಯಿಲ್ ಬದಲಿಸಲು ಕಾರು ಬಿಟ್ಟುಹೋಗುವಾಗ, "ಅಲುಗಿಸೋದಿದ್ರೆ ನನ್ನನ್ನ ಕರೀರಿ, ನಮ್ಮ ಬ್ಯಾಂಕು ಎದುರಿಗೇ ಇದೆ," ಎಂದು ಹೇಳಿಯೇ ಹೋಗಿದ್ದಳು. ಹಿತೇಶ್‌ಭಾಯಿ ಕರೆಯಲಿಲ್ಲ. ತಾನೇ ಕೂತು, ಬ್ರೇಕೆಂದುಕೊಂಡು ಲಿವರ್ ಎಳೆದ. ಕಾರು ಮುನ್ನುಗ್ಗಿ ಗೇಟಿನ ಕಂಬಕ್ಕೆ ಗುದ್ದಿ, ಬಂಪರ್ ಒಡೆದು, ದಾರಿಗೆ ಅಡ್ಡಲಾಗಿ ನಿಂತಿತ್ತು.

"ಅದು ಲಿವರ್ ಅಲ್ಲ, ನನ್ನ ಕಾಲು. ತಪ್ಪು ನನ್ನ ಕಾಲಿನದಾ?"

"ಕಂಪನಿ ಗಾಡೀಲಿ ಅದು ಬರಲ್ಲವಲ್ಲ, ಬೆನ್! ಮೊದಲು ಚಹಾ ಕುಡೀರಿ."

ಅಷ್ಟರಲ್ಲಿ, ರಿಪೇರಿಯಾದ ಕಾರುಗಳಲ್ಲಿ ಕೂತಿದ್ದ ಗಿರಾಕಿಗಳು ಹೊರಗೆ ಹೋಗಲಾಗದೆ ಹಾರ್ನ್ ಬಾರಿಸತೊಡಗಿದರು. ಅಡ್ಡ ನಿಂತ ಕಾರನ್ನು ಸರಿಸಲು ಹಿತೇಶ್‌ಭಾಯಿ ಅದರ ಬಾಗಿಲಿಗೆ ಕೈ ಹಾಕಿದ.

"ಮುಟ್ಟಬೇಡಿ!" ವಿಂಧ್ಯಾಳ ದನಿಗೆ ಗ್ಯಾರೇಜಿಗೆ ಗ್ಯಾರೇಜೇ ತಿರುಗಿ ನೋಡಿತು. "ಹೊರಗಿನ ಫಿಟಿಂಗ್, ಭಾಯಿ. ನಿಮ್ಮ ಜವಾಬ್ದಾರಿ ಅಲ್ಲ."

ಅವನ ಕೈಯಿಂದ ಕೀ ಕಿತ್ತುಕೊಂಡು, ಊರುಗೋಲು ಒಳಗೆಸೆದು, ಡ್ರೈವರ್ ಸೀಟಿನಲ್ಲಿ ಕೂತಳು. "ಈಗ ತನ್ನಿ ಚಹಾ."

ಹಾರ್ನುಗಳು ಜೋರಾದವು. ಯಾರೋ ಗಿರಾಕಿ ಬೈದ. ಹಿತೇಶ್‌ಭಾಯಿ ಚಹಾದ ಲೋಟ ಹಿಡಿದು ಕಿಟಕಿಗೆ ಬಗ್ಗಿದ. "ತಪ್ಪು ನನ್ನದೇ, ಬೆನ್. ಬಂಪರ್ ನಾನೇ ಹಾಕಿಕೊಡ್ತೀನಿ," ಎಂದು ಪಿಸುಗುಟ್ಟಿದ.

"ಹೊರಗಿನ ಫಿಟಿಂಗ್ ಅಂತ ಜೋರಾಗಿ ಹೇಳಿದ್ರಲ್ಲ? ಇದನ್ನೂ ಜೋರಾಗಿ ಹೇಳಿ."

ಅವನು ಹೇಳಿದ. ಆಮೇಲಷ್ಟೇ ವಿಂಧ್ಯಾಳ ಕೈ ಲಿವರಿಗೆ ಹೋಯಿತು.