ಹುಲುಗಲ್ಲೆ ಸರ್ ಮೆಣಸು ಅರೆದದ್ದು

ಕ್ಯಾಮೆರಾಗಳು ಇನ್ನೂ ಸಿದ್ಧವಾಗಿರಲಿಲ್ಲ. ಪ್ರಿಯಂಜಿತ್ ಹುಲುಗಲ್ಲೆಯ ಕಣ್ಣೀರು ಆಗಲೇ ಸಿದ್ಧವಾಗಿತ್ತು. ಸಹಾಯಕ ಕೈ ಎತ್ತಿ ತಡೆದ. ಕಣ್ಣೀರು ಕಾಯಿತು. ದೀಪ ಹೊತ್ತಿದ ಮೇಲೆ ಇಳಿಯಿತು.

ಲಂಕೆಯ ಸಮುದ್ರದಂಚಿನ ದೇವೊಲ್ ದೇವರ ಗುಡಿಯಲ್ಲಿ, ಮೆಣಸು ಅರೆಯುವ ಕಲ್ಲಿನ ಪಕ್ಕ ಕುಳಿತಿದ್ದ ಎಮಲಿನ್ ನೋನ ಅದನ್ನೆಲ್ಲ ನೋಡಿದಳು.

"ಎಂಥಾ ಮನುಷ್ಯ ಅಕ್ಕಾ!" ಎಂದಳು ಜೊತೆಗೆ ಬಂದಿದ್ದ ಯಸಾವತಿ. "ನಾಳೆ ದೇಶದ ಅಧ್ಯಕ್ಷ ಆಗೋನು, ಬರಿಗಾಲಲ್ಲಿ ಬರ್ತಿದಾನೆ ನೋಡಿ."

"ಗುಡಿಗೆ ಬೂಟು ಹಾಕ್ಕೊಂಡು ಬರ್ತಾರೇನೇ?"

ಬಹಳ ವರ್ಷಗಳ ಹಿಂದೆ, ಹರೆಯದ ಹುಡುಗರನ್ನು ಮನೆಗಳಿಂದ ಎತ್ತಿಕೊಂಡು ಹೋಗುತ್ತಿದ್ದ ಭೀಷಣ ಕಾಲದಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಂಘಕ್ಕೆ ಎಮಲಿನ್ ನೋನ ಹಿರಿಯಳು. ಅವಳ ಮಗ ನಿಹಾಲ್‌ನನ್ನು ನಂಬರ್ ಇಲ್ಲದ ಜೀಪಿನಲ್ಲಿ ಬಂದವರು ಅವಳ ಕಣ್ಣೆದುರೇ ಎಳೆದೊಯ್ದಿದ್ದರು. ಹೆಣವೂ ಸಿಗಲಿಲ್ಲ. ತಾನು ಗೆದ್ದರೆ ಒಯ್ದವರನ್ನೆಲ್ಲ ಹುಡುಕಿ ಕಟಕಟೆಗೆ ತರುತ್ತೇನೆಂದು ಹುಲುಗಲ್ಲೆ ಈಗ ಮಾತು ಕೊಟ್ಟಿದ್ದ. ಮನುಷ್ಯ ಅಸಲಿಯೋ ನಕಲಿಯೋ ನೋಡಿ ಹೇಳುವ ಹೊಣೆಯನ್ನು ತಾಯಂದಿರು ಅವಳಿಗೆ ಬಿಟ್ಟಿದ್ದರು. ಅವಳು ಹೂಂ ಎಂದರೆ ಕರಾವಳಿಯ ಊರಿಗೆ ಊರೇ ಅವನಿಗೆ ಓಟು ಹಾಕುತ್ತಿತ್ತು. ಅವಳದು ಒಂದೇ ಷರತ್ತು. ಅವನು ಈ ಗುಡಿಗೆ ಬರಬೇಕು.

ರಾಜಕೀಯಕ್ಕೆ ಬರುವ ಮೊದಲು ಹುಲುಗಲ್ಲೆ ಟ್ಯೂಷನ್ ಮೇಷ್ಟ್ರು. ಅದಕ್ಕೂ ಹಿಂದೆ ಏನಾಗಿದ್ದನೆಂದು ಯಾರೂ ಕೇಳಿರಲಿಲ್ಲ. ತಗಡಿನ ಚಪ್ಪರದಡಿ ಸಾವಿರ ಹುಡುಗರನ್ನು ಕೂರಿಸಿ, ಮೈಕಿನಲ್ಲಿ ನಗಿಸಿ, ಅಳಿಸಿ, ಇತಿಹಾಸ ಕಲಿಸಿದವನು. ಈಗಲೂ ದೇಶವೆಲ್ಲ ಅವನನ್ನು ಸರ್ ಎನ್ನುತ್ತದೆ. ಪ್ರಚಾರಕ್ಕೆ ಹೋದಾಗ ಮೀನುಪೇಟೆಯಲ್ಲಿ ಬುಟ್ಟಿ ಹೊರುತ್ತಿದ್ದ. ಗಾರ್ಮೆಂಟ್ಸ್ ಗೇಟಿನಲ್ಲಿ ಹುಡುಗಿಯರ ಪೊಟ್ಟಣದಿಂದ ಅನ್ನ ತಿನ್ನುತ್ತಿದ್ದ. ಎರಡು ತುತ್ತು, ಕ್ಯಾಮೆರಾ ಹೋಗುವ ತನಕ. ಸಾವಿನ ಮನೆಯಲ್ಲಿ ಹೆಂಡತಿಗಿಂತ ಮೊದಲು ಸರ್ ಅಳುತ್ತಾರೆ ಎಂದು ಜನ ಮೆಚ್ಚಿ ಹೇಳುತ್ತಿದ್ದರು. ಮೆಚ್ಚಿ!

ಅವನು ಬಂದು ಎಮಲಿನ್ ನೋನಳ ಎರಡೂ ಕೈ ಹಿಡಿದುಕೊಂಡ. ಮುಖ ಮಾತ್ರ ಎಡಕ್ಕಿತ್ತು. ಕ್ಯಾಮೆರಾ ಆ ಕಡೆ ಇತ್ತು.

"ಅಮ್ಮಾ, ನಾನೂ ಒಬ್ಬ ತಾಯಿಯ ಮಗ."

"ಎಲ್ಲರೂ ಹಾಗೇ ಹುಟ್ಟೋದು ಮಗಾ."

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಆಮೇಲೆ ಸಹಾಯಕನ ತುಟಿಯತ್ತ ಒಮ್ಮೆ ನೋಡಿ, ಅಲ್ಲಿಂದ ಹೆಸರು ಎತ್ತಿಕೊಂಡು, "ನಿಹಾಲ್ ನನಗೆ ತಮ್ಮ ಇದ್ದ ಹಾಗೆ" ಎಂದ.

ಎಮಲಿನ್ ನೋನ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ನನ್ನನ್ನ ಪರೀಕ್ಷೆ ಮಾಡ್ತೀರಂತೆ? ಏನು ಬೇಕಾದ್ರೂ ಕೇಳಿ ಅಮ್ಮಾ."

"ಕೇಳೋದೇನಿಲ್ಲ. ನನ್ನ ರಟ್ಟೆ ಸೋತಿದೆ. ನನ್ನ ಬದಲು ನೀನು ಅರೆದುಕೊಡು."

ಗುಡಿಯ ಪೂಜಾರಿ ಒಣಮೆಣಸಿನಕಾಯಿ, ಕರಿಮೆಣಸು, ಸಾಸಿವೆಯನ್ನು ಕಲ್ಲಿನ ಮೇಲೆ ಸುರಿದ. ಕೇಡು ಮಾಡಿದವನ ಹೆಸರು ಹೇಳಿ ಮೆಣಸು ಅರೆಯುವುದು ಇಲ್ಲಿನ ಶಾಪ.

"ಯಾರ ಮೇಲೆ? ಹೆಸರು ಹೇಳಮ್ಮಾ," ಎಂದ ಪೂಜಾರಿ.

"ಹೆಸರು ಬೇಡ. ನನ್ನ ಮಗನನ್ನು ಒಯ್ದವನ ಮೇಲೆ ಅನ್ನಿ. ದೇವರಿಗೆ ತಿಳಿಯುತ್ತೆ."

ಪೂಜಾರಿ ಹಿಂಜರಿದ. "ಸರ್, ಇದು ಹೂವು ಹಣ್ಣಿನ ಪೂಜೆಯಲ್ಲ. ಬಾಯಿಂದ ಹೊರಟ ಮಾತನ್ನ ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ."

"ಬೇಡ ಸರ್," ಎಂದು ಸಹಾಯಕ ಪಿಸುಗುಟ್ಟಿದ. "ಪೇಪರಿನವರು ಮೂಢನಂಬಿಕೆ ಅಂತ ಬರೀತಾರೆ."

"ತಾಯಿ ಹೊಟ್ಟೆಯ ಉರಿ ಮೂಢನಂಬಿಕೆಯೇನಯ್ಯಾ?" ಎಂದ ಹುಲುಗಲ್ಲೆ, ಮೈಕಿಗೆ ಕೇಳುವಂತೆ. ಬಿಳಿ ಅಂಗಿಯ ತೋಳು ಮಡಿಸಿದ. ಮೊಣಕಾಲೂರಿದ. ಹಾಗೆ ಊರುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಅರೆಯುವ ಅಭ್ಯಾಸ ಇರಲಿಲ್ಲ. ಗುಂಡುಕಲ್ಲು ಜಾರಿತು, ಮೆಣಸಿನ ಪುಡಿ ಹಾರಿತು. ಅಂದು ಮೊದಲ ಬಾರಿಗೆ ಅವನ ಕಣ್ಣಲ್ಲಿ ನಿಜವಾದ ನೀರು ಬಂತು.

"ಸರ್ ಅಳ್ತಿದಾರೆ!" ಎಂದು ಯಸಾವತಿ ತಾನೂ ಅತ್ತಳು.

ಪೂಜಾರಿ ಹೇಳಿಕೊಟ್ಟ, ಹುಲುಗಲ್ಲೆ ಪಾಠ ಒಪ್ಪಿಸುವವನಂತೆ ದನಿ ಏರಿಸಿ ಹೇಳಿದ. "ಈ ತಾಯಿಯ ಮಗನನ್ನು ಒಯ್ದವನ ಮೈ ಈ ಮೆಣಸಿನಂತೆ ಉರಿಯಲಿ. ಅವನಿಗೆ ಉಂಡ ಅನ್ನ ಮೈಗೆ ಹತ್ತದಿರಲಿ."

"ಅವನ ಮಕ್ಕಳು ಮರಿ..." ಎಂದು ಪೂಜಾರಿ ಮುಂದುವರಿಸಿದ.

ಎಮಲಿನ್ ನೋನ ತಟ್ಟನೆ ತಡೆದಳು. "ಮಕ್ಕಳ ತಂಟೆ ಬೇಡ. ಪಾಪ, ಅವೇನು ಮಾಡಿವೆ? ಅವನೊಬ್ಬನಿಗೆ ಸಾಕು."

ಹುಲುಗಲ್ಲೆ ಅರೆಯುವುದನ್ನು ನಿಲ್ಲಿಸಿ ಕ್ಯಾಮೆರಾದತ್ತ ತಿರುಗಿದ. "ನೋಡಿ. ಇವಳು ಲಂಕೆಯ ತಾಯಿ!" ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವವರೆಗೆ ಅವನು ತಲೆ ತಗ್ಗಿಸಿಯೇ ಇದ್ದ.

"ಇನ್ನೊಂದು ಮಾತಿದೆ ಮಗಾ," ಎಂದಳು ಎಮಲಿನ್ ನೋನ. "ಅವನು ಏರಬೇಕೆಂದ ಮೆಟ್ಟಿಲು ಅವನ ಕಾಲಡಿಯಲ್ಲೇ ಕುಸಿಯಲಿ."

ಅವನು ಅದನ್ನೂ ಹೇಳಿದ. ಒಂದಲ್ಲ, ಮೂರು ಸಲ, ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಸಲ. ಆಮೇಲೆ ಅವಳ ಕಾಲು ಮುಟ್ಟಿದ.

ವರದಿಗಾರನೊಬ್ಬ ಮೈಕು ಚಾಚಿದ. "ಅಮ್ಮಾ, ಹೇಳಿ. ಸರ್ ಅಸಲಿಯಾ?"

"ಒಂದಕ್ಷರ ನುಂಗದೆ ಹೇಳಿದ. ನಾಲಿಗೆ ತಡವರಿಸಲಿಲ್ಲ, ಕೈ ನಡುಗಲಿಲ್ಲ. ಇಂಥಾ ಎದೆಯವನನ್ನ ನನ್ನ ಜನ್ಮದಲ್ಲೇ ನೋಡಿಲ್ಲ."

ಜನ ಜೈಕಾರ ಹಾಕಿದರು. ವಾಹನದೊಳಗೆ ಕುಳಿತ ಕೂಡಲೇ ಹುಲುಗಲ್ಲೆ ಒದ್ದೆ ಬಟ್ಟೆಗೆ ಕೈ ಚಾಚಿದ. ಬೆರಳು ಒರೆಸಿಕೊಂಡು ಬಟ್ಟೆಯನ್ನು ಕಿಟಕಿಯಿಂದ ಹೊರಗೆಸೆದ. ವಾಹನಗಳು ಹೊರಟುಹೋದವು.

ಯಸಾವತಿ ಆಗಲೇ ಫೋನ್ ಹಿಡಿದಿದ್ದಳು. "ಅಕ್ಕಾ, ಎಲ್ಲಾ ತಾಯಂದಿರಿಗೂ ಹೇಳಿಬಿಡ್ಲಾ? ಓಟು ಸರ್‌ಗೇ ಅಂತ?"

"ಬೇಡ. ಒಬ್ಬರೂ ಹಾಕಬಾರದು ಅಂತ ಹೇಳು."

"ಅಯ್ಯೋ! ನೀವು ಅರೆ ಅಂದ್ರಿ, ಅರೆದ. ಹೇಳು ಅಂದ್ರಿ, ಹೇಳಿದ. ಆ ಮನುಷ್ಯನಿಂದ ನಿಮಗೆ ಇನ್ನೇನು ಬೇಕಿತ್ತು?"

"ಅಷ್ಟೇ ಬೇಕಿತ್ತು," ಎಂದಳು ಎಮಲಿನ್ ನೋನ. "ನಿಹಾಲ್‌ನ ಕುತ್ತಿಗೆಪಟ್ಟಿ ಹಿಡಿದು ಜೀಪಿಗೆ ತಳ್ಳಿದವನು ಇವನೇ."